ಅಂಗೈಯಗಲದ ಟ್ಯಾಕ್ಸಿಗೆ ಬಣ್ಣ ಮತ್ತು ಅಕ್ಷರ



ಕರಿಯ ಮೈ, ಹಳದಿ ಮಾಡು. ಇಷ್ಟು ಹೇಳಿದರೆ ಸಾಕು, ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಯಾವ ವಾಹನದ ಮಾತೆಂದು ತಿಳಿದುಹೋಗುತ್ತದೆ. ಕಾಸರಗೋಡು, ವಯನಾಡಿನ ಕೇಳುಗರಿಗೆ ಅದು ಬಸ್ ನಿಲ್ದಾಣದ ಬದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ಮುಂಬಯಿಗೆ ದುಡಿಯಲು ಹೋಗಿ ಬಂದವರಿಗೆ ಅದು ಪ್ರೀಮಿಯರ್ ಪದ್ಮಿನಿ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಮುಂಬಯಿಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರುವುದರಿಂದ, ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು. ಆ ಕಾರುಗಳನ್ನು ನಡೆಸಿ ಮಕ್ಕಳನ್ನು ಓದಿಸಿದವರು, ಮನೆ ಕಟ್ಟಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಕಾರು ಮಾತ್ರ ಇಲ್ಲ.

ಇಂದು ನಾನು ಹೇಳಹೊರಟಿರುವುದು ಆ ಕಾರಿನ ಮಾದರಿಯೊಂದಕ್ಕೆ ಮನೆಯಲ್ಲಿಯೇ ಬಣ್ಣ ಹಾಕಿ, ಅದರ ಮೇಲೆ ಅಕ್ಷರ, ಚಿಹ್ನೆಗಳನ್ನು ಕೂರಿಸುವ ಕ್ರಮವನ್ನು. ಇದು ಮಕ್ಕಳಾಟವೆಂದು ತಳ್ಳಿಹಾಕಬೇಡಿ. ಇದರಲ್ಲಿ ಟಿಂಕರಿಂಗ್ ಶೆಡ್ಡಿನ ಕೆಲಸವಿದೆ, ಸ್ವಲ್ಪ ಲೆಕ್ಕವಿದೆ, ಸ್ವಲ್ಪ ರಸಾಯನಶಾಸ್ತ್ರವೂ ಇದೆ. ಹತ್ತು ಹನ್ನೆರಡು ದಿನಗಳ ಬಿಡುವಿನ ವೇಳೆ ಬೇಕು. ಅದರಲ್ಲಿ ಬಹುಪಾಲು ಬಣ್ಣ ಒಣಗಲೆಂದು ಸುಮ್ಮನೆ ಕಾಯುವ ವೇಳೆ.

ಮೊದಲು ಮಾದರಿಯನ್ನು ಆರಿಸಿಕೊಳ್ಳಿ. ಬಿಡಿಭಾಗಗಳನ್ನು ಜೋಡಿಸಿ ಕಾರು ಮಾಡುವ ಕಿಟ್ಟುಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ವಿದೇಶಿ ಕಾರುಗಳು, ಬೆಲೆಯೂ ಹೆಚ್ಚು. ನಮ್ಮ ಕೆಲಸಕ್ಕೆ ಆಟಿಕೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಅಂಬಾಸಿಡರ್ ಸಾಕು. ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾದ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುತ್ತದೆ. ಬಕೆಟ್ಟು, ಡಬ್ಬಿಗಳಂತೆ ಬಾಗುವ, ಮೇಣದಂತೆ ಜಾರುವ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಯಾವ ಬಣ್ಣ ಹಚ್ಚಿದರೂ ನಾಲ್ಕು ದಿನದಲ್ಲಿ ಪೊರೆ ಬಿಟ್ಟಂತೆ ಏಳುತ್ತದೆ. ಇನ್ನೊಂದು, ಆಟಿಕೆಯ ತಳದಲ್ಲಿ ತಿರುಪುಗಳಿರಬೇಕು. ತಿರುಪು ಬಿಚ್ಚಿ ಬಾಡಿ, ಗ್ಲಾಸು, ಚಕ್ರ, ತಳ ಎಲ್ಲವನ್ನೂ ಬೇರೆಬೇರೆ ಮಾಡಲು ಸಾಧ್ಯವಾದರೆ ಅರ್ಧ ಕೆಲಸ ಹಗುರವಾದಂತೆ.

ಈಗ ಒಂದು ಸಣ್ಣ ಲೆಕ್ಕ. ನಿಜವಾದ ಅಂಬಾಸಿಡರಿನ ಉದ್ದ ಸುಮಾರು 4.3 ಮೀಟರ್. ನಿಮ್ಮ ಆಟಿಕೆಯ ಉದ್ದ 12 ಸೆಂಟಿಮೀಟರ್ ಇದ್ದರೆ ಅದು ನಿಜದ ಕಾರಿನ 36ನೆಯ ಒಂದು ಪಾಲು. ಈ 36 ಎಂಬ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ. ಬಣ್ಣದ ದಪ್ಪವನ್ನೇ ತೆಗೆದುಕೊಳ್ಳಿ. ನಿಜವಾದ ಕಾರಿನ ಮೇಲೆ ಪ್ರೈಮರಿನಿಂದ ಹಿಡಿದು ಮೇಲಿನ ಹೊಳಪಿನ ಪದರದವರೆಗೆ ಎಲ್ಲ ಸೇರಿ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅಷ್ಟೇ ದಪ್ಪ ನಿಮ್ಮ ಆಟಿಕೆಯ ಮೇಲೂ ಕುಳಿತಿತು ಎನ್ನಿ. 36ರಿಂದ ಗುಣಿಸಿದರೆ, ನಿಜದ ಕಾರಿಗೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು ದಪ್ಪದ ಗಿಲಾವು ಬಳಿದ ಹಾಗಾಯಿತು! ಬಾಗಿಲಿನ ಸಂದು ನಿಜದ ಕಾರಿನಲ್ಲಿ 5 ಮಿಲಿಮೀಟರ್ ಇದ್ದರೆ, ಮಾದರಿಯಲ್ಲಿ ಅದು ಕೂದಲೆಳೆಯಷ್ಟೇ. ಎರಡು ಸಲ ದಪ್ಪವಾಗಿ ಬಣ್ಣ ಹೊಡೆದರೆ ಬಾಗಿಲಿನ ಗೆರೆಯೇ ಮುಚ್ಚಿಹೋಗಿ, ಕಾರು ಬೆಲ್ಲದ ಅಚ್ಚಿನಂತೆ ಕಾಣುತ್ತದೆ. ಆದ್ದರಿಂದ ಈ ಕೆಲಸದ ಮೊದಲ ಪಾಠ: ಬಣ್ಣ ತೆಳುವಾಗಿರಲಿ, ಮತ್ತೂ ತೆಳುವಾಗಿರಲಿ.

ಬಾಡಿಯನ್ನು ಬಿಚ್ಚಿದ ಮೇಲೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಎಣ್ಣೆಯಂಥ ಪದಾರ್ಥ ಬಳಸಿರುತ್ತಾರೆ. ಅದರ ಜಿಡ್ಡು ಉಳಿದರೆ ಬಣ್ಣ ಅಲ್ಲಲ್ಲಿ ಒಡೆದು ಮೀನಿನ ಕಣ್ಣಿನಂಥ ಗುಳಿಗಳಾಗುತ್ತವೆ. ನಮ್ಮ ಬೆರಳಿನ ಜಿಡ್ಡೂ ಅದೇ ಕೆಲಸ ಮಾಡುತ್ತದೆ. ತೊಳೆದ ಮೇಲೆ ಬರಿಗೈಯಿಂದ ಮುಟ್ಟಬೇಡಿ. ಒಂದು ಸಣ್ಣ ಬಾಟಲಿಯ ಮೇಲೆ ಬಾಡಿಯನ್ನು ಕವುಚಿ ಒಳಗಿನಿಂದ ಟೇಪು ಸುತ್ತಿದರೆ, ಬಾಟಲಿಯನ್ನು ಹಿಡಿದುಕೊಂಡು ಸುತ್ತಲೂ ತಿರುಗಿಸಬಹುದು.

ಒಣಗಿದ ಮೇಲೆ ಅಚ್ಚಿನ ಎರಡು ಭಾಗ ಕೂಡಿದ ಕಡೆಯ ಸಣ್ಣ ಏಣುಗಳನ್ನು ನೋಡಿ. ನಿಜದ ಕಾರಿನಲ್ಲಿ ಆ ಗೆರೆಗಳಿಲ್ಲ. 600 ನಂಬರಿನ ಸ್ಯಾಂಡ್ ಪೇಪರನ್ನು ನೀರಿನಲ್ಲಿ ನೆನೆಸಿ ಅವನ್ನು ಉಜ್ಜಿ ತೆಗೆಯಿರಿ. ಆಮೇಲೆ ಇಡೀ ಬಾಡಿಯ ಮೇಲೆ 1000 ನಂಬರಿನದನ್ನು ಹಗುರವಾಗಿ ಆಡಿಸಿ. ಕಣ್ಣಿಗೆ ಕಾಣದ ಸಣ್ಣ ಗೀರುಗಳಾಗಿ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಗೋಡೆಗೆ ಸುಣ್ಣ ಹೊಡೆಯುವ ಮುಂಚೆ ಕೆರೆಯುವುದಿಲ್ಲವೇ, ಹಾಗೆಯೇ ಇದು.

ಇನ್ನು ಬಣ್ಣಗಳ ವಿಷಯ. ಹಿಂದೆ ಕಾರಿಗೆ ಬಣ್ಣ ಹಾಕುವುದೆಂದರೆ ವಾರಗಟ್ಟಲೆಯ ಕೆಲಸವಾಗಿತ್ತು. ಎಣ್ಣೆ ಆಧಾರದ ಬಣ್ಣಗಳನ್ನು ಕುಂಚದಿಂದ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯಬೇಕಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯ ಡ್ಯೂಕೋ ಎಂಬ, ಬೇಗ ಒಣಗುವ ಬಣ್ಣ ಬಂದ ಮೇಲೆ ಆ ತೊಡಕು ನೀಗಿತು. ನಮ್ಮ ಗ್ಯಾರೇಜುಗಳಲ್ಲಿ ಹಿರಿಯ ಪೇಂಟರುಗಳು ಇಂದಿಗೂ ಡ್ಯೂಕೋ ಪೇಂಟ್ ಎನ್ನುವುದು ಅದರಿಂದಲೇ ಉಳಿದ ಮಾತು.

ಮಾದರಿಗಳಿಗೆ ಮೂರು ಬಗೆಯ ಬಣ್ಣ ಬಳಸುತ್ತಾರೆ. ಲ್ಯಾಕರ್, ಎನಾಮಲ್, ನೀರಿನ ಅಕ್ರಿಲಿಕ್. ಲ್ಯಾಕರ್ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ತೆಳುವಾಗಿ ಕೂರುತ್ತದೆ, ಆದರೆ ಅದರ ಥಿನ್ನರ್ ಬಹಳ ತೀಕ್ಷ್ಣ. ಎನಾಮಲ್ ನಿಧಾನವಾಗಿ ಒಣಗುವುದರಿಂದ ಕುಂಚದ ಗುರುತು ತಾನೇ ಕೂಡಿಕೊಂಡು ನಯವಾಗುತ್ತದೆ, ಆದರೆ ಮುಟ್ಟಲು ಒಂದು ದಿನ, ಪೂರ್ತಿ ಗಟ್ಟಿಯಾಗಲು ಅದಕ್ಕೂ ಹೆಚ್ಚು ದಿನ ಬೇಕು. ಅಕ್ರಿಲಿಕ್ಕಿಗೆ ವಾಸನೆ ಕಡಿಮೆ, ಮಕ್ಕಳೊಂದಿಗೆ ಕೂತು ಮಾಡುವವರಿಗೆ ಅದೇ ಒಳ್ಳೆಯದು. ಇವುಗಳನ್ನು ಒಂದರ ಮೇಲೊಂದು ಹಾಕುವಾಗ ಕ್ರಮ ತಪ್ಪಬಾರದು. ಲ್ಯಾಕರಿನ ಮೇಲೆ ಎನಾಮಲ್ ಹಾಕಬಹುದು. ಎನಾಮಲಿನ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಬಣ್ಣ ಉಬ್ಬಿ, ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಗ್ಯಾರೇಜಿನಿಂದ ತಂದ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲುದು. ಯಾವುದೇ ಬಣ್ಣವನ್ನು ಮೊದಲು ಬಾಡಿಯ ಒಳಬದಿಯಲ್ಲಿ, ಹೊರಗೆ ಕಾಣದ ಕಡೆ ಒಂದು ಚುಕ್ಕೆ ಹಚ್ಚಿ, ಮಾರನೆಯ ದಿನ ನೋಡಿ ಮುಂದುವರಿಯುವುದು ಜಾಣತನ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಮಗೆ ಬೇಕಾಗಿರುವುದು ಹಳದಿ ಬಣ್ಣ. ಹಳದಿ, ಕೇಸರಿ ಬಣ್ಣಗಳಿಗೆ ಹಿಂದಿನಿಂದಲೂ ಸೀಸದ ಕ್ರೋಮೇಟ್ ಎಂಬ ವಸ್ತುವನ್ನು ಬಳಸುತ್ತ ಬಂದಿದ್ದಾರೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು ಮಾಡುವ ವಿಷ. ನಮ್ಮ ದೇಶದಲ್ಲಿ 2016ರ ನಿಯಮದಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಕೂಡದು. ಆದರೆ ಆ ನಿಯಮದ ಹೆಸರೇ ಹೇಳುವಂತೆ ಅದು ಮನೆಬಳಕೆಯ ಬಣ್ಣಗಳಿಗೆ ಸಂಬಂಧಿಸಿದ್ದು. ಲಾರಿಗೆ, ಯಂತ್ರಗಳಿಗೆ ಹೊಡೆಯುವ ಬಣ್ಣದ ಉಳಿಕೆಯನ್ನು ತಂದು ಮಗುವಿನ ಆಟಿಕೆಗೆ ಬಳಿಯಬೇಡಿ. ಡಬ್ಬಿಯ ಮೇಲೆ ಸೀಸವಿಲ್ಲವೆಂದು ಅಚ್ಚಾಗಿರುವುದನ್ನೇ ಕೊಳ್ಳಿ. ಇಷ್ಟಾದರೂ, ನೀವು ಬಣ್ಣ ಹಾಕಿದ ಮಾದರಿ ಕಪಾಟಿನಲ್ಲಿಟ್ಟು ನೋಡುವುದಕ್ಕೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿನ ಕೈಗೆ ಅದನ್ನು ಕೊಡಲೇಬಾರದು.

ಸ್ಪ್ರೇ ಡಬ್ಬಿ ಬಳಸುವವರು ಇನ್ನೂ ಎರಡು ಮಾತು ನೆನಪಿಡಿ. ಡಬ್ಬಿಯಲ್ಲಿ ಬಣ್ಣವನ್ನು ಹೊರತಳ್ಳುವುದು ಸಾಮಾನ್ಯವಾಗಿ ಅಡುಗೆ ಅನಿಲದ ಜಾತಿಯದೇ ಆದ ಅನಿಲ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಕೆಲಸ ಬಯಲಿನಲ್ಲೋ ಜಗಲಿಯಲ್ಲೋ ನಡೆಯಲಿ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಬಣ್ಣದ ಕಣವನ್ನು ಅಷ್ಟಿಷ್ಟು ತಡೆದೀತೇ ಹೊರತು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲಿನ ಸೋಸುಕವಿರುವ ಮಾಸ್ಕ್ ಬೇಕು.

ಸರಿ, ಈಗ ಹವೆಯ ವಿಚಾರ. ನಮ್ಮ ಈ ಕಾರ್ಯಕ್ರಮವನ್ನು ಕೇಳುವವರು ಎಲ್ಲೆಲ್ಲಿಯೋ ಇದ್ದೀರಿ. ಒಂದೇ ಡಬ್ಬಿಯ ಬಣ್ಣ ನಿಮ್ಮ ನಿಮ್ಮ ಊರಿನಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳುತ್ತದೆ. ಕಾಸರಗೋಡು, ಗೋವಾ, ವಯನಾಡು, ನೀಲಗಿರಿಯಲ್ಲಿ ಮಳೆಗಾಲದ ದಿನ ಲ್ಯಾಕರ್ ಹೊಡೆದರೆ, ಹೊಳೆಯಬೇಕಾದ ಕಪ್ಪು ಬಣ್ಣದ ಮೇಲೆ ಬೂದಿ ಸವರಿದಂತೆ ಬಿಳಿಚು ಬರುತ್ತದೆ. ಕಾರಣ ಇಷ್ಟೇ. ಥಿನ್ನರ್ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಆ ನೀರಿನ ಹನಿಗಳು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತವೆ. ಬಿಸಿಲು ಬಿದ್ದ ದಿನಕ್ಕಾಗಿ ಕಾಯುವುದೇ ಅದಕ್ಕೆ ಮದ್ದು. ಆದವಾನಿ, ರಾಯದುರ್ಗ, ಮಡಕಶಿರಾ, ಸೊಲ್ಲಾಪುರದ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಣ್ಣದ ಹನಿ ಡಬ್ಬಿಯ ಬಾಯಿಂದ ಕಾರಿಗೆ ಮುಟ್ಟುವಷ್ಟರಲ್ಲೇ ಅರ್ಧ ಒಣಗಿ, ರವೆ ಉದುರಿಸಿದಂತೆ ತರಿತರಿಯಾಗಿ ಕೂರುತ್ತದೆ. ಜೊತೆಗೆ ಧೂಳು ಬೇರೆ. ಅಲ್ಲಿಯವರು ಬೆಳಗಿನ ತಂಪು ಹೊತ್ತಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ, ಡಬ್ಬಿಯನ್ನು ತುಸು ಹತ್ತಿರ ಹಿಡಿದು ಹೊಡೆಯಬೇಕು. ಹೊಸೂರಿನ ಕೇಳುಗರಲ್ಲಿ ವಾಹನ ಕಾರ್ಖಾನೆಗಳಲ್ಲಿ ದುಡಿಯುವವರಿದ್ದೀರಿ. ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಗಾಳಿಯ ಶಾಖ, ತೇವ, ಧೂಳು ಮೂರನ್ನೂ ಯಾಕೆ ಅಷ್ಟು ಕಟ್ಟುನಿಟ್ಟಾಗಿ ಕಾಯುತ್ತಾರೆಂಬುದು ನಿಮಗೆ ಹೇಳಬೇಕಾದ್ದಿಲ್ಲ.

ಮೊದಲ ಪದರ ಪ್ರೈಮರ್. ಹಳದಿ ಬಣ್ಣ ಕೆಳಗಿನದನ್ನು ಮುಚ್ಚುವುದರಲ್ಲಿ ಬಹಳ ಸೋಮಾರಿ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ನೇರವಾಗಿ ಹಳದಿ ಹೊಡೆದರೆ ಎಷ್ಟು ಪದರ ಹಾಕಿದರೂ ಪಾಚಿಯ ಹಸಿರೇ ಕಾಣುತ್ತದೆ. ಆದ್ದರಿಂದ ಬಿಳಿಯ ಪ್ರೈಮರ್ ಹಾಕಿ. ಅದು ಒಣಗಿದ ಮೇಲೆ ಅಡ್ಡಬೆಳಕಿನಲ್ಲಿ ಹಿಡಿದು ನೋಡಿದರೆ, ಮೊದಲು ಕಾಣದಿದ್ದ ಗೀರು, ಗುಳಿಗಳೆಲ್ಲ ಎದ್ದು ಕಾಣುತ್ತವೆ. ಸಣ್ಣ ಗುಳಿಗೆ ಪುಟ್ಟಿ ಹಚ್ಚಿ, ಉಜ್ಜಿ, ಆ ಜಾಗಕ್ಕಷ್ಟೇ ಮತ್ತೆ ಪ್ರೈಮರ್ ಕೊಡಿ.

ಎರಡು ಬಣ್ಣದ ಕಾರಿಗೆ ಯಾವಾಗಲೂ ತಿಳಿಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಪ್ಪಿನ ಕೆಳಗೆ ಹಳದಿ ಮುಚ್ಚಿಹೋಗುತ್ತದೆ, ಹಳದಿಯ ಕೆಳಗೆ ಕಪ್ಪು ಮುಚ್ಚುವುದಿಲ್ಲ. ಹೀಗಾಗಿ ಮಾಡಿಗೆ ಮೊದಲು ಹಳದಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 20ರಿಂದ 25 ಸೆಂಟಿಮೀಟರ್ ದೂರ ಹಿಡಿಯಿರಿ. ಒತ್ತುವುದನ್ನು ಕಾರಿನ ಆಚೆ ಶುರುಮಾಡಿ, ಕಾರನ್ನು ದಾಟಿಸಿ, ಈಚೆ ಬಂದ ಮೇಲೆ ಬಿಡಿ. ಕಾರಿನ ಮೇಲೆಯೇ ಶುರುಮಾಡಿದರೆ ಮೊದಲ ದಪ್ಪ ಹನಿಗಳು ಅಲ್ಲಿಯೇ ಬಿದ್ದು ಸೋರುತ್ತವೆ. ಮೊದಲ ಸಲ ಬರೀ ಮಂಜು ಕವಿದಷ್ಟು. ಕೆಳಗಿನ ಬಿಳಿ ಕಂಡರೆ ಗಾಬರಿ ಬೇಡ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಕೊನೆಯ ಪದರ ಮಾತ್ರ ತುಸು ಹಸಿಯಾಗಿ, ಹೊಳೆಯುವಂತೆ ಬೀಳಲಿ. ತೀರ ಒಣಗಿ ಬಿದ್ದರೆ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ, ತೀರ ಹಸಿಯಾದರೆ ಸೋರುತ್ತದೆ. ಈ ಎರಡರ ನಡುವಿನ ಹದ ಕೈಗೆ ಬರುವವರೆಗೆ ಹಳೆಯ ಪ್ಲಾಸ್ಟಿಕ್ ಚಮಚೆಗಳ ಮೇಲೆ ಅಭ್ಯಾಸ ಮಾಡಿ. ಚಮಚೆಯ ಬೆನ್ನು ಕಾರಿನ ಬಾನೆಟ್ಟಿನಂತೆಯೇ ಉಬ್ಬಿರುವುದರಿಂದ ಅದಕ್ಕಿಂತ ಒಳ್ಳೆಯ ಪಾಟಿ ಬೇರೆ ಇಲ್ಲ.

ಹಳದಿ ಎರಡು ದಿನ ಒಣಗಲಿ. ಆಮೇಲೆ ಮಾಡಿನ ಅಂಚಿಗೆ ಮಾಸ್ಕಿಂಗ್ ಟೇಪು ಹಚ್ಚಬೇಕು. ಟೇಪಿನ ಕಾರ್ಖಾನೆ ಅಂಚು ಧೂಳು ಹಿಡಿದು ಮೊಂಡಾಗಿರುತ್ತದೆ, ಗಾಜಿನ ತುಂಡಿನ ಮೇಲಂಟಿಸಿ ಬ್ಲೇಡಿನಿಂದ ಹೊಸ ಅಂಚು ಕೊಯ್ದುಕೊಳ್ಳಿ. ಬಾಗಿದ ಕಡೆ ಒಂದೇ ಅಗಲ ಪಟ್ಟಿ ಸುಕ್ಕಾಗುತ್ತದೆ, ಎರಡು ಮಿಲಿಮೀಟರಿನ ಸಣ್ಣ ಪಟ್ಟಿಗಳು ಸುಲಭವಾಗಿ ಬಾಗುತ್ತವೆ. ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಿ. ಇಲ್ಲಿ ಪೇಂಟರುಗಳು ಬಳಸುವ ಒಂದು ಉಪಾಯವಿದೆ. ಕಪ್ಪು ಹೊಡೆಯುವ ಮುಂಚೆ ಟೇಪಿನ ಅಂಚಿಗೆ ಇನ್ನೊಂದು ತೆಳು ಹಳದಿ ಹೊಡೆಯುತ್ತಾರೆ. ಟೇಪಿನ ಕೆಳಗೆ ಎಲ್ಲಾದರೂ ಸಂದಿದ್ದರೆ ಆ ಹಳದಿಯೇ ಹೋಗಿ ತುಂಬಿಕೊಳ್ಳುತ್ತದೆ. ಹಳದಿಯ ಮೇಲೆ ಹಳದಿ ಸೋರಿದರೆ ಯಾರಿಗೆ ಕಾಣಬೇಕು? ಅದು ಒಣಗಿದ ಮೇಲೆ ಹೊಡೆದ ಕಪ್ಪಿಗೆ ಒಳನುಗ್ಗಲು ದಾರಿಯೇ ಇರುವುದಿಲ್ಲ. ಕಪ್ಪು ಹೊಡೆದು, ಅದು ಪೂರ್ತಿ ಗಟ್ಟಿಯಾಗುವ ಮುನ್ನವೇ ಟೇಪನ್ನು ಹಿಂದಕ್ಕೆ ಮಡಚಿ, ಮೆಲ್ಲಗೆ ಬಿಡಿಸಿ. ನೆಟ್ಟಗೆ ಮೇಲಕ್ಕೆ ಎಳೆದರೆ ಬಣ್ಣವೂ ಕಿತ್ತುಬರುತ್ತದೆ.

ಬಾಡಿಯ ಬಣ್ಣ ಮುಗಿಯಿತು. ಈಗ ಅಕ್ಷರಗಳ ಕೆಲಸ. ಇದಕ್ಕೆ ಬಳಸುವುದು ಡಿಕಾಲ್. ಹಿಂದೆ ಬಬಲ್ ಗಮ್ಮಿನ ಜೊತೆ ಸಿಗುತ್ತಿದ್ದ, ನೀರು ಸವರಿ ಕೈಮೇಲೆ ಒತ್ತುತ್ತಿದ್ದ ಚಿತ್ರಗಳು ನೆನಪಿದೆಯಲ್ಲ? ಅದರ ಹತ್ತಿರದ ಬಂಧು ಇದು. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಈ ವಿದ್ಯೆ, ಪಿಂಗಾಣಿ ಪಾತ್ರೆ, ಹೊಲಿಗೆ ಯಂತ್ರ, ಸೈಕಲ್ಲುಗಳ ಮೇಲೆಲ್ಲ ಹಬ್ಬಿತು. ಡಿಕಾಲ್ ಎಂಬ ಹೆಸರೇ ಫ್ರೆಂಚಿನ ಒಂದು ಉದ್ದ ಪದದ ಮೊಟಕು ರೂಪ. ಆ ಪದದ ಕೊನೆಯಲ್ಲಿ ಹುಚ್ಚು ಎಂಬ ಅರ್ಥದ ಮಾತೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಮನೆಮನೆಯಲ್ಲೂ ಜನ ಇಂಥ ಚಿತ್ರಗಳನ್ನು ಅಂಟಿಸುವ ಹುಚ್ಚು ಹಿಡಿಸಿಕೊಂಡಿದ್ದರು.

ಡಿಕಾಲಿನ ರಚನೆ ಸರಳ. ಕೆಳಗೆ ಒಂದು ಕಾಗದ. ಅದರ ಮೇಲೆ ನೀರಿನಲ್ಲಿ ಕರಗುವ, ಪಿಷ್ಟದಿಂದ ಮಾಡಿದ ಅಂಟು. ಅದರ ಮೇಲೆ ಪಾರದರ್ಶಕವಾದ ಅತಿ ತೆಳು ಪೊರೆ. ಪೊರೆಯ ಮೇಲೆ ಚಿತ್ರ ಅಥವಾ ಅಕ್ಷರ. ನೀರಿನಲ್ಲಿ ನೆನೆದಾಗ ಅಂಟು ಕರಗಿ, ಪೊರೆ ಕಾಗದದಿಂದ ಜಾರುತ್ತದೆ. ಉಳಿದ ಅಂಟೇ ಅದನ್ನು ಹೊಸ ಜಾಗದಲ್ಲಿ ಹಿಡಿಯುತ್ತದೆ.

ಡಿಕಾಲ್ ಹಚ್ಚುವ ಮುಂಚೆ ಬಾಡಿಯ ಮೇಲೆ ಹೊಳಪಿನ ಕ್ಲಿಯರ್ ಪದರವೊಂದು ಇರಲೇಬೇಕು. ಮಂಕಾದ ಬಣ್ಣದ ಮೈ ನಮ್ಮ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಉತ್ತ ಹೊಲದಂತಿರುತ್ತದೆ. ಡಿಕಾಲಿನ ಪೊರೆ ಆ ಏಣುಗಳ ಮೇಲೆ ಕುಳಿತು, ಗುಳಿಗಳಲ್ಲಿ ಗಾಳಿ ಉಳಿದುಬಿಡುತ್ತದೆ. ಆ ಗಾಳಿಯೇ ಒಣಗಿದ ಮೇಲೆ ಬೆಳ್ಳಿಯ ಹಾಗೆ ಮಿನುಗಿ, ಅಂಟಿಸಿದ್ದು ಅಂಟಿಸಿದ ಹಾಗೆಯೇ ಕಾಣುತ್ತದೆ. ಹೊಳಪಿನ ಮೈ ಮೇಲೆ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಬೇಕಾದ ಡಿಕಾಲನ್ನು ಮಾತ್ರ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಚಿಮಟದಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡು ನೀರಿನಲ್ಲಿ ಅದ್ದಿ ತೆಗೆಯಿರಿ. ನೀರಿನಲ್ಲೇ ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ. ಒದ್ದೆ ಕಾಗದವನ್ನು ಒಂದು ತಟ್ಟೆಯ ಮೇಲೆ ಒಂದು ನಿಮಿಷ ಇಡಿ. ಬೆರಳಿನಿಂದ ಮುಟ್ಟಿದರೆ ಪೊರೆ ಅಲುಗಬೇಕು. ಆಗ ಕಾರಿನ ಮೇಲೆ ಆ ಜಾಗಕ್ಕೆ ಒಂದು ಹನಿ ನೀರು ಸವರಿ, ಕಾಗದವನ್ನು ಅದರ ಪಕ್ಕದಲ್ಲೇ ಹಿಡಿದು, ಪೊರೆಯನ್ನು ಒದ್ದೆ ಕುಂಚದಿಂದ ಕಾರಿನ ಮೇಲಕ್ಕೆ ಜಾರಿಸಿ. ಎತ್ತಲು ಹೋಗಬೇಡಿ, ಮಡಚಿಕೊಂಡು ಅಂಟಿಹೋಗುತ್ತದೆ. ನೀರಿರುವವರೆಗೆ ಅದನ್ನು ಎಡಕ್ಕೆ ಬಲಕ್ಕೆ ಸರಿಸಿ ನೇರ ಮಾಡಬಹುದು. ಸ್ಥಳ ಸರಿಯೆನಿಸಿದ ಮೇಲೆ ಹತ್ತಿಬಟ್ಟೆಯ ತುಣುಕಿನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ, ಒತ್ತಿ.

ಬಾಗಿಲಿನ ಗೆರೆಯ ಮೇಲೆ, ಉಬ್ಬಿದ ಡಿಕ್ಕಿಯ ಮೇಲೆ ಡಿಕಾಲ್ ತಾನಾಗಿ ಬಾಗುವುದಿಲ್ಲ. ಅದಕ್ಕೆ ಪೊರೆಯನ್ನು ಮೆತ್ತಗಾಗಿಸುವ ದ್ರಾವಣ ಸಿಗುತ್ತದೆ. ಅದನ್ನು ಸವರಿದ ಕೂಡಲೇ ಡಿಕಾಲ್ ಸುಕ್ಕುಸುಕ್ಕಾಗುತ್ತದೆ. ಕೆಲಸ ಕೆಟ್ಟಿತೆಂದು ಸರಿಪಡಿಸಲು ಹೋದವರೇ ಅದನ್ನು ಕೆಡಿಸುತ್ತಾರೆ. ಮುಟ್ಟದೆ ಬಿಟ್ಟುಬಿಡಿ. ಒಣಗುತ್ತ ಅದು ತಾನಾಗಿ ಬಿಗಿದುಕೊಂಡು, ಗೆರೆಯೊಳಗೆ ಇಳಿದು, ಕೈಯಲ್ಲಿ ಬರೆದಂತೆ ಕೂರುತ್ತದೆ. ದ್ರಾವಣ ಸಿಗದವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಲವು ಕ್ಷಣ ಒತ್ತಿ ಹಿಡಿದರೂ ತಕ್ಕಮಟ್ಟಿಗೆ ಬಾಗುತ್ತದೆ.

ಇಷ್ಟು ದೂರ ಬಂದವರಿಗೆ ಒಂದು ಪ್ರಶ್ನೆ ಏಳುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಡಿಕಾಲುಗಳಲ್ಲಿ ವಿದೇಶಿ ರೇಸಿನ ಸಂಖ್ಯೆಗಳಿವೆ, ಎಣ್ಣೆ ಕಂಪೆನಿಗಳ ಹೆಸರಿವೆ. ನಮ್ಮ ಟ್ಯಾಕ್ಸಿಯ ಹಿಂದಿನ ಗಾಜಿನ ಮೇಲೆ ಇದ್ದದ್ದು ಅದಲ್ಲವಲ್ಲ! ಅಲ್ಲಿ ಇದ್ದದ್ದು ತಾಯಿಯ ಆಶೀರ್ವಾದ ಎಂದೋ, ಮನೆದೇವರ ಹೆಸರೋ, ಮಗಳ ಹೆಸರೋ. ಗಡಿಯಾಚೆಯ ನಮ್ಮ ಊರುಗಳಲ್ಲಿ ಒಂದೇ ಕಾರಿನ ಮೇಲೆ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ ಒಂದು ಕಡೆ, ಕನ್ನಡ ಇನ್ನೊಂದು ಕಡೆ ಇರುತ್ತಿತ್ತು. ನಂಬರ್ ಪ್ಲೇಟಿನ ಅಕ್ಷರ ಇಂಗ್ಲಿಷಿನಲ್ಲಿರಬೇಕೆಂಬುದು ಕಾನೂನು. ಆದರೆ ಹಿಂದಿನ ಗಾಜು ಮಾಲೀಕನದು. ಅಲ್ಲಿ ಆತ ತನಗೆ ಬೇಕಾದ ಭಾಷೆಯಲ್ಲಿ ತನಗೆ ಬೇಕಾದ್ದನ್ನು ಬರೆಸಿದ್ದ. ಆ ಸಾಲನ್ನು ಬಿಟ್ಟರೆ ಮಾದರಿ ಯಾವುದೋ ಒಂದು ಟ್ಯಾಕ್ಸಿಯದಾಗುತ್ತದೆ. ಆ ಸಾಲು ಬಂದರೆ ನಿಮ್ಮ ತಂದೆಯವರ ಟ್ಯಾಕ್ಸಿಯೇ ಆಗುತ್ತದೆ.

ಈ ಡಿಕಾಲನ್ನು ನೀವೇ ಮಾಡಿಕೊಳ್ಳಬಹುದು. ಖಾಲಿ ಡಿಕಾಲ್ ಕಾಗದ ಹವ್ಯಾಸದ ಸಾಮಾನು ಮಾರುವವರಲ್ಲಿ ಸಿಗುತ್ತದೆ, ಕೊರಿಯರಿನಲ್ಲೂ ತರಿಸಬಹುದು. ಲೇಸರ್ ಪ್ರಿಂಟರಿಗೆ ಬೇರೆ, ಇಂಕ್‌ಜೆಟ್ಟಿಗೆ ಬೇರೆ ಕಾಗದ, ಕೇಳಿ ಕೊಳ್ಳಿ. ಇಂಕ್‌ಜೆಟ್ಟಿನ ಶಾಯಿ ಸಾಮಾನ್ಯವಾಗಿ ನೀರಿಗೆ ಕದಡುವಂಥದು. ಅಚ್ಚಾದ ಮೇಲೆ ಎರಡು ಮೂರು ತೆಳು ಪದರ ಕ್ಲಿಯರ್ ಹೊಡೆದು ಒಣಗಿಸದೆ ನೀರಿಗೆ ಅದ್ದಿದರೆ ಅಕ್ಷರವೆಲ್ಲ ಹರಿದುಹೋಗುತ್ತದೆ.

ಇನ್ನೊಂದು ತೊಡಕು ಬಿಳಿಯ ಬಣ್ಣದ್ದು. ಮನೆ, ಅಂಗಡಿಗಳ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಕಾಗದದ ಬಿಳುಪನ್ನೇ ಅದು ಬಿಳಿಯೆಂದು ಬಿಟ್ಟುಕೊಳ್ಳುತ್ತದೆ. ಅಷ್ಟೇ ಅಲ್ಲ, ಅದರ ಹಳದಿಯೂ ಕೆಂಪೂ ಗಾಜಿನಂತೆ ಪಾರದರ್ಶಕ. ಪಾರದರ್ಶಕ ಪೊರೆಯ ಮೇಲೆ ಹಳದಿ ಅಕ್ಷರ ಅಚ್ಚುಮಾಡಿ ಕರಿಯ ಬಾಗಿಲಿಗೆ ಹಚ್ಚಿದರೆ ಅಕ್ಷರ ಕಾಣೆಯಾಗುತ್ತದೆ. ಇದಕ್ಕೆ ಪೊರೆಯೇ ಬಿಳಿಯಾಗಿರುವ ಕಾಗದ ಬರುತ್ತದೆ. ಅದರ ಮೇಲೆ ಹಿನ್ನೆಲೆಗೆಲ್ಲ ಕಪ್ಪು ಅಚ್ಚುಮಾಡಿ, ಅಕ್ಷರದ ಜಾಗವನ್ನಷ್ಟೇ ಬಿಳಿಯಾಗಿಯೋ ಹಳದಿಯಾಗಿಯೋ ಬಿಟ್ಟು, ಕಪ್ಪಿನ ಒಳಗೇ ಕತ್ತರಿಸಿ ಹಚ್ಚಬೇಕು. ಕತ್ತರಿಸಿದ ಅಂಚಿನಲ್ಲಿ ಬಿಳಿಯ ಎಳೆ ಇಣುಕಿದರೆ ಕಪ್ಪು ಮಾರ್ಕರಿನಿಂದ ಮುಚ್ಚಿ.

ಈಗ ನಾವು ಬರೆದಿಟ್ಟುಕೊಂಡ 36ನ್ನು ತೆಗೆಯಿರಿ. ಮೋಟಾರು ವಾಹನ ನಿಯಮದಂತೆ ಕಾರಿನ ನಂಬರ್ ಪ್ಲೇಟಿನ ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10 ಮಿಲಿಮೀಟರ್. ಮಾದರಿಯಲ್ಲಿ ಅದು 1.8 ಮಿಲಿಮೀಟರ್ ಎತ್ತರ, 0.28 ಮಿಲಿಮೀಟರ್ ದಪ್ಪ. ಇಂಗ್ಲಿಷ್ ದೊಡ್ಡಕ್ಷರ ಇಷ್ಟಕ್ಕಿಳಿದರೂ ಓದಲು ಬರುತ್ತದೆ. ನಮ್ಮ ಕನ್ನಡದ ಅಕ್ಷರ ಹಾಗಲ್ಲ. ಅದಕ್ಕೆ ಮೇಲೆ ತಲೆಕಟ್ಟು, ಬಲಕ್ಕೆ ದೀರ್ಘ, ಕೆಳಗೆ ಒತ್ತು. ‘ಶ್ರೀ’ ಎಂಬ ಒಂದೇ ಅಕ್ಷರದಲ್ಲಿ ಎಷ್ಟು ಸುರುಳಿಗಳಿವೆ ನೋಡಿ. ಅದೇ 1.8 ಮಿಲಿಮೀಟರಿನೊಳಗೆ ಅದನ್ನು ತುರುಕಿದರೆ ಸುರುಳಿಗಳ ಹೊಟ್ಟೆ ಶಾಯಿಯಿಂದ ತುಂಬಿ ಒಂದು ಚುಕ್ಕೆಯಾಗಿಬಿಡುತ್ತದೆ. ಆದ್ದರಿಂದ ಕನ್ನಡಕ್ಕೆ ಗೆರೆ ತೆಳುವಾದ, ಎಲ್ಲ ಕಡೆ ಒಂದೇ ದಪ್ಪವಿರುವ ಅಕ್ಷರಶೈಲಿಯನ್ನು ಆರಿಸಿ. ಎತ್ತರ ಎರಡೂವರೆ ಮೂರು ಮಿಲಿಮೀಟರಿಗೆ ಕಡಿಮೆ ಬೇಡ. ಒತ್ತಕ್ಷರಕ್ಕೆಂದು ಕೆಳಗೆ ಜಾಗ ಬಿಡಿ. ನಿಜದ ಕಾರಿನ ಗಾಜಿನ ಮೇಲಿನ ಬರಹವೂ ನಂಬರ್ ಪ್ಲೇಟಿಗಿಂತ ದೊಡ್ಡದಾಗಿಯೇ ಇರುತ್ತಿದ್ದುದರಿಂದ ಅಳತೆ ತಪ್ಪಿದಂತೆಯೂ ಆಗುವುದಿಲ್ಲ. ಒಂದೇ ಹಾಳೆಯಲ್ಲಿ ಅದೇ ಸಾಲನ್ನು ನಾಲ್ಕೈದು ಅಳತೆಗಳಲ್ಲಿ ಅಚ್ಚುಮಾಡಿ, ಓದಲು ಬರುವ ಅತಿ ಚಿಕ್ಕದನ್ನು ಆರಿಸಿಕೊಳ್ಳಿ. ಮಿಕ್ಕವು ಹರಿದಾಗ, ಜಾರಿದಾಗ ಬದಲಿಗೆ ಬರುತ್ತವೆ.

ಹಳೆಯ ಫೋಟೋಗಳಿದ್ದರೆ ಹುಡುಕಿ ತೆಗೆಯಿರಿ. ಮದುವೆಯ ಆಲ್ಬಮ್ಮಿನ ಮೂಲೆಯಲ್ಲಿ, ಊರ ಜಾತ್ರೆಯ ಚಿತ್ರದ ಹಿನ್ನೆಲೆಯಲ್ಲಿ ಅರ್ಧ ಕಾರು ಸಿಕ್ಕರೂ ಸಾಕು. ಅಕ್ಷರ ಯಾವ ಬಣ್ಣ, ಎಡಕ್ಕಿತ್ತೋ ಬಲಕ್ಕೋ, ಗೆರೆ ಹೇಗೆ ಬಾಗಿತ್ತು ಎಂಬುದು ತಿಳಿಯುತ್ತದೆ. ಫೋಟೋ ಇಲ್ಲದಿದ್ದರೆ ಕಾರು ನಡೆಸಿದವರನ್ನೇ ಕೇಳಿ. ಹಿಂದಿನ ಗಾಜಿನ ಮೇಲೆ ಏನು ಬರೆಸಿದ್ದಿರಿ, ಯಾರ ಕೈಯಲ್ಲಿ ಬರೆಸಿದಿರಿ, ಎಷ್ಟು ಕೊಟ್ಟಿರಿ ಎಂದು. ಆ ಒಂದು ಸಾಲಿನ ಹಿಂದೆ ಒಂದು ಸಂಜೆಯ ಮಾತು ಅಡಗಿರುತ್ತದೆ. ಅವರು ಇರುವಾಗಲೇ ಕೇಳಿಕೊಳ್ಳಬೇಕಾದ ಮಾತು ಅದು.

ಡಿಕಾಲ್ ಒಂದು ರಾತ್ರಿ ಒಣಗಿದ ಮೇಲೆ, ಸುತ್ತ ಉಳಿದ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕೊನೆಗೆ ಎಲ್ಲದರ ಮೇಲೆ ಕ್ಲಿಯರ್. ಇದನ್ನೂ ಮೊದಲ ಎರಡು ಸಲ ಮಂಜಿನಷ್ಟೇ ತೆಳುವಾಗಿ ಹೊಡೆಯಿರಿ. ಒಮ್ಮೆಲೇ ಹಸಿಯಾಗಿ ಹೊಡೆದರೆ ಲ್ಯಾಕರಿನ ಥಿನ್ನರ್ ಡಿಕಾಲಿನ ಪೊರೆಯನ್ನೇ ತಿಂದುಹಾಕುತ್ತದೆ. ವಾರ ಬಿಟ್ಟು, 2000 ನಂಬರಿನ ಕಾಗದದಿಂದ ನೀರು ಹಚ್ಚಿ ಹಗುರವಾಗಿ ಉಜ್ಜಿ ಪಾಲಿಶ್ ಕೊಟ್ಟರೆ, ಕರಿಯ ಬಾನೆಟ್ಟಿನಲ್ಲಿ ನಿಮ್ಮ ಕಿಟಕಿಯ ಬೆಳಕು ಕಾಣಬೇಕು.

ರಿಮೋಟಿನಿಂದ ಓಡುವ ದೊಡ್ಡ ಮಾದರಿ ಕಾರುಗಳ ಬಗ್ಗೆಯೂ ಒಂದು ಮಾತು. ಅವುಗಳ ಬಾಡಿ ಪಾಲಿಕಾರ್ಬನೇಟ್ ಎಂಬ, ಬಾಗಿದರೂ ಒಡೆಯದ, ಪಾರದರ್ಶಕ ಪ್ಲಾಸ್ಟಿಕ್ಕಿನದು. ಅದಕ್ಕೆ ಬಣ್ಣವನ್ನು ಒಳಬದಿಯಿಂದ ಹಾಕುತ್ತಾರೆ. ಮೈಸೂರು, ತಂಜಾವೂರಿನ ಹಳೆಯ ಗಾಜಿನ ಚಿತ್ರಗಳಲ್ಲಿ ಗಾಜಿನ ಹಿಂಬದಿಯಿಂದ ಬರೆಯುವಂತೆಯೇ ಇಲ್ಲಿಯೂ ಕ್ರಮ ತಿರುವುಮುರುವು. ಮೊದಲು ಹಚ್ಚಿದ್ದೇ ಹೊರಗಿನಿಂದ ಮೇಲಿನದಾಗಿ ಕಾಣುವುದರಿಂದ ಕಪ್ಪು ಮೊದಲು, ಹಳದಿ ಆಮೇಲೆ, ಹಳದಿಯ ಬೆನ್ನಿಗೆ ಬಿಳಿ. ಅದಕ್ಕೆಂದೇ ಮಾಡಿದ ಬಣ್ಣವನ್ನೇ ಬಳಸಬೇಕು, ಬೇರೆ ಬಣ್ಣ ಬಾಡಿ ಬಾಗಿದಾಗ ಹೆಕ್ಕಳಿಕೆಯಾಗಿ ಉದುರುತ್ತದೆ.

ಕೇಳುಗರೇ, ತಳವನ್ನು ಮತ್ತೆ ತಿರುಪು ಹಾಕಿ ಮುಚ್ಚುವ ಮುಂಚೆ ಇನ್ನೊಂದು ಸಣ್ಣ ಕೆಲಸ ಉಳಿದಿದೆ. ಬಾಡಿಯ ಒಳಬದಿಯಲ್ಲಿ, ಹೊರಗೆ ಕಾಣದ ಕಡೆ, ಒಂದು ಸಣ್ಣ ಕುಂಚದಿಂದ ಕನ್ನಡದಲ್ಲಿ ಬರೆಯಿರಿ. ಈ ಕಾರು ಯಾವ ಊರಿನ ನಿಲ್ದಾಣದಲ್ಲಿ ನಿಲ್ಲುತ್ತಿತ್ತು, ಯಾರು ನಡೆಸುತ್ತಿದ್ದರು, ಯಾವ ಇಸವಿಯಿಂದ ಯಾವ ಇಸವಿಯವರೆಗೆ. ಮುಂದೆಂದೋ ಒಂದು ದಿನ ಮನೆಯ ಮಗುವೊಂದು ಇದರೊಳಗೆ ಏನಿದೆಯೆಂದು ತಿರುಪು ಬಿಚ್ಚಿಯೇ ಬಿಚ್ಚುತ್ತದೆ. ಆಗ ಓದಲು ಅದಕ್ಕೊಂದು ಸಾಲು ಸಿಗಲಿ.